ಮುಕ್ಕಾಲು ಗಂಟೆಯ ಡಿವಿಡೆಂಡ್

ಹೆದ್ದಾರಿ ಊರಿನ ಕೊನೆಯ ಮನೆಯನ್ನು ದಾಟಿ ಹೊಲಗಳ ಕಡೆಗೆ ತಿರುಗುವ ಜಾಗದಲ್ಲಿ ಒಂದು ಲಾರಿ ಕಾಟಾ ಇದೆ. ನೆಲದ ಮಟ್ಟಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ಹಾಸು. ಅದರ ಪಕ್ಕಕ್ಕೆ ಒಂದು ಯಂತ್ರ, ಒಂದು ಕುರ್ಚಿ, ಒಬ್ಬ ಮನುಷ್ಯ ಹಿಡಿಸುವಷ್ಟೇ ದೊಡ್ಡದಾದ ಗಾಜಿನ ಕೋಣೆ. ಲಾರಿ ಮಾಲು ತುಂಬಿಕೊಂಡು ಬಂದು ಹಾಸಿನ ಮೇಲೆ ನಿಂತರೆ ಭರ್ತಿ ತೂಕ. ಇಳಿಸಿ ಬಂದು ನಿಂತರೆ ಖಾಲಿ ತೂಕ. ಅದರಲ್ಲಿ ಇದನ್ನು ಕಳೆದರೆ ನಿವ್ವಳ. ಕಳೆಯುವ ಕೆಲಸವನ್ನು ಯಂತ್ರವೇ ಮಾಡುತ್ತಿತ್ತಾದರೂ, ಯಂತ್ರ ಸರಿಯಾಗಿ ಕಳೆದಿದೆಯೇ ಎಂದು ತುಟಿಯಲ್ಲೇ ಇನ್ನೊಮ್ಮೆ ಕಳೆದು ನೋಡಿ, ಆಮೇಲೆ ಚೀಟಿ ಹರಿದುಕೊಡುವ ಒಬ್ಬನು ಆ ಕುರ್ಚಿಯಲ್ಲಿದ್ದ. ಅವನನ್ನು ಎಲ್ಲರೂ ತೂಕದಣ್ಣ ಎಂದು ಕರೆಯುತ್ತಿದ್ದರು. ಮನೆಯಲ್ಲಿಟ್ಟ ಹೆಸರೊಂದಿತ್ತು, ಅದನ್ನು ಕೂಗಿದರೆ ಅವನೇ ತಿರುಗಿ ನೋಡುವುದು ಅನುಮಾನವಾಗಿತ್ತು.

ಗಾಜಿನ ಕೋಣೆಯಲ್ಲಿ ಕೂತವನಿಗೆ ರಸ್ತೆಯ ಆಚೆ ಬದಿ ಸದಾ ಕಾಣುತ್ತಿತ್ತು. ಅಲ್ಲಿ ಒಂದು ದೊಡ್ಡ ಮರ, ಮರದ ಕೆಳಗೆ ಒಂದು ಕಲ್ಲುಬೆಂಚು, ಬೆಂಚಿನ ಪಕ್ಕ ಚಹಾದಕ್ಕನ ಅಂಗಡಿ, ಅಂಗಡಿಯ ಮಗ್ಗುಲಲ್ಲಿ ಒಂದು ನಲ್ಲಿ. ತೂಕದಣ್ಣ ಆ ಬೆಂಚನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅದರ ಮೇಲೆ ಕೂರುವವರ ಮುಖದಲ್ಲಿ ಏನೋ ಒಂದು ಕಳೆ ಇರುತ್ತದೆಂದು ಅವನ ಖಚಿತ ಅಭಿಪ್ರಾಯ. ಕೆಲಸ ಮುಗಿಸಿ ಸಂಜೆ ಅದರ ಮೇಲೆ ಕೂರಲು ಯಾರ ಅಡ್ಡಿಯೂ ಇರಲಿಲ್ಲ. ಆದರೆ ಸಂಜೆ ಕೂತರೆ ಅದು ಆಯಾಸ. ಹನ್ನೊಂದು ಗಂಟೆಗೆ ಕೂತರೆ ಸ್ವಾತಂತ್ರ್ಯ.

ಈ ಸ್ವಾತಂತ್ರ್ಯಕ್ಕೆ ದಾರಿ ತೋರಿಸಿದವರು ಪಕ್ಕದ ಮನೆಯ ನಿವೃತ್ತ ಕ್ಯಾಷಿಯರ್. ಜೀವಮಾನವಿಡೀ ಬೇರೆಯವರ ನೋಟು ಎಣಿಸಿದ್ದ ಅವರು ಈಗ ಜಗಲಿಯಲ್ಲಿ ಕೂತು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದರು. ಅವರ ಶರ್ಟಿನ ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಕ್ಯಾಲ್ಕುಲೇಟರ್ ಇರುತ್ತಿತ್ತು.

"ಷೇರು ತಗೊಂಡ್ರೆ ವರ್ಷಕ್ಕೊಂದ್ಸಲ ಕಂಪನಿಯವರು ಲಾಭದಲ್ಲಿ ಪಾಲು ಕೊಡ್ತಾರೆ. ಅದೇ ಡಿವಿಡೆಂಡು," ಎಂದರು ಕ್ಯಾಷಿಯರ್.

"ಅದಕ್ಕೆ ನಾವೇನ್ ಮಾಡ್ಬೇಕು ಸಾರ್?"

"ಷೇರು ಇಟ್ಕೊಂಡಿರ್ಬೇಕು."

"ಇಟ್ಕೊಂಡು?"

"ಇಟ್ಕೊಂಡು ಏನೂ ಮಾಡ್ಬಾರ್ದು. ಸುಮ್ನಿರ್ಬೇಕು."

ಸುಮ್ಮನಿದ್ದವನಿಗೆ ಹಣ ಕೊಡುವ ಕಂಪನಿಗಳು ಈ ಭೂಮಿಯ ಮೇಲಿದ್ದೂ ತಾನು ಇಷ್ಟು ದಿನ ಗಾಜಿನ ಕೋಣೆಯಲ್ಲಿ ಬೆವರಿದೆನಲ್ಲ ಎಂದು ತೂಕದಣ್ಣನಿಗೆ ಸಂಕಟವಾಯಿತು. "ಒಂದು ಗುರಿ ಇಟ್ಕೊಳಿ," ಎಂದರು ಕ್ಯಾಷಿಯರ್. "ಡಿವಿಡೆಂಡು ನಿಮ್ಮ ಸಂಬಳದಷ್ಟಾಯ್ತು ಅನ್ನಿ, ಅವತ್ತಿಂದ ಯಾರ ಹಂಗೂ ಇಲ್ಲ. ಕೆಲ್ಸ ಬೇಕಾದ್ರೆ ಮಾಡಿ, ಬೇಡಾದ್ರೆ ಬಿಡಿ."

ತೂಕದಣ್ಣ ಮನೆಗೆ ಹೋಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಗುರಿ' ಎಂದು ಬರೆದ. ಮುಂದೆ ಏನು ಬರೆಯಬೇಕೆಂದು ತೋಚದೆ ಕೆಳಗೊಂದು ಗೆರೆ ಎಳೆದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಕತ್ತಿನಲ್ಲಿದ್ದ ಅಳತೆ ಟೇಪನ್ನು ಸರಿಪಡಿಸಿಕೊಂಡು ಗೋಡೆ ನೋಡಿದಳು, ಗಂಡನನ್ನು ನೋಡಿದಳು. ವರ್ಷದ ಕೊನೆಯಲ್ಲಿ ಕೈಗೆ ಬಂದಿದ್ದ ಇನಾಮಿನ ಹಣವನ್ನು ಷೇರಿಗೆ ಹಾಕಲು ಒಪ್ಪಿದಳಾದರೂ ಒಂದು ಷರತ್ತು ಹಾಕಿದಳು.

"ಹಾಕಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಕೆಲ್ಸ ಬಿಡೋ ಯೋಚ್ನೆ ಬಂದ ದಿನ ಮೊದಲು ನನಗೆ ಹೇಳ್ಬೇಕು. ಊರವರ ಬಾಯಿಂದ ನಾನು ಕೇಳೋ ಹಾಗಾಗಬಾರದು."

"ಮೊದಲು ನಿನಗೇ," ಎಂದು ತೂಕದಣ್ಣ ಮಾತು ಕೊಟ್ಟ.

ಕ್ಯಾಷಿಯರು ಹಲವು ಕಂಪನಿಗಳ ಹೆಸರು ಹೇಳಿದರೂ ತೂಕದಣ್ಣನಿಗೆ ಹಿಡಿಸಿದ್ದು ಒಂದು ಸಾಬೂನಿನ ಕಂಪನಿ. ಕೈಯಲ್ಲಿ ಹಿಡಿದು ತೂಕ ನೋಡಬಹುದಾದ ಪದಾರ್ಥ ಅದೊಂದೇ ಎಂಬುದು ಅವನ ಕಾರಣ. ಷೇರು ಬಂದ ದಿನದಿಂದ ಅದು 'ನಮ್ಮ ಕಂಪನಿ' ಆಯಿತು. ಅವನು ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದ. ಪಾಲುದಾರನೇ ಮೈಗೆ ಸಾಬೂನು ಹಚ್ಚದಿದ್ದರೆ ಕಂಪನಿ ಯಾರನ್ನು ನಂಬಿ ನಡೆಯಬೇಕು? ಬಟ್ಟೆಗೂ ಅದೇ, ಪಾತ್ರೆಗೂ ಅದೇ.

"ಎರಡೇ ದಿನಕ್ಕೆ ಕರಗಿಹೋಗತ್ತಲ್ರೀ ಈ ಸಾಬೂನು," ಎಂದಳು ಹೆಂಡತಿ.

"ಅದೇ ನಮ್ಮ ಕಂಪನಿಯ ಹೆಚ್ಚುಗಾರಿಕೆ," ಎಂದ ತೂಕದಣ್ಣ.

ಚಹಾದಕ್ಕನ ಬೆನ್ನುಹತ್ತಿ ಅವಳ ಅಂಗಡಿಯಲ್ಲೂ ಒಂದು ಪೆಟ್ಟಿಗೆ ಸಣ್ಣ ಬಿಲ್ಲೆಗಳನ್ನು ಇಡಿಸಿದ. ಚಹಾ ಕುಡಿಯಲು ಬಂದ ಯಾವ ಡ್ರೈವರಿಗೂ ಸ್ನಾನದ ನೆನಪಾಗಲಿಲ್ಲ. ಪೆಟ್ಟಿಗೆ ಬಿಸ್ಕತ್ತಿನ ಡಬ್ಬಿಗಳ ಹಿಂದೆ ಸೇರಿ, ಬಿಸ್ಕತ್ತಿಗೆ ಸಾಬೂನಿನ ವಾಸನೆ ಹತ್ತಿ, ಗಿರಾಕಿಗಳು ಮುಖ ಸಿಂಡರಿಸಿ ಎದ್ದುಹೋದದ್ದಷ್ಟೇ ಬಂತು. "ತೂಕದಣ್ಣ, ನಿನ್ನ ಕಂಪನೀನ ನೀನೇ ಎತ್ಕೊಂಡು ಹೋಗು ಮಾರಾಯ," ಎಂದು ಚಹಾದಕ್ಕ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

ಹೀಗೆ ಒಂದು ವರ್ಷ ಕರಗಿತು. ಒಂದು ದಿನ ತೂಕದಣ್ಣನ ಫೋನಿಗೆ, ಡಿವಿಡೆಂಡು ಖಾತೆಗೆ ಜಮೆಯಾಗಿದೆ ಎಂಬ ಸಂದೇಶ ಬಂತು. ಅವನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಕ್ಯಾಷಿಯರ ಜಗಲಿಗೆ ಓಡಿದ.

"ಸಾರ್, ಗುರಿ ಇನ್ನೆಷ್ಟು ದೂರ ಇದೆ ನೋಡಿ!"

ಕ್ಯಾಷಿಯರು ಕ್ಯಾಲ್ಕುಲೇಟರ್ ತೆಗೆದು ಒತ್ತಿದರು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬ್ಯಾಟರಿ ಹೋಗಿದೆಯೋ ಎಂದು ತಟ್ಟಿ ಮತ್ತೆ ಒತ್ತಿದರು. "ಇದೇ ಲೆಕ್ಕದಲ್ಲಿ ಹೋದ್ರೆ ನಿಮಗೆ ಪೂರ್ತಿ ಬಿಡುವು ಸಿಗೋ ಹೊತ್ತಿಗೆ," ಎಂದು ಮೆಲ್ಲಗೆ ಹೇಳಿದರು, "ನಿಮ್ಮ ಮೊಮ್ಮಗನ ಮೊಮ್ಮಗನಿಗೆ ಮಂಡಿನೋವು ಶುರುವಾಗಿರತ್ತೆ."

"ಅದು ಪೂರ್ತಿ ಬಿಡುವಿನ ಮಾತಾಯ್ತು. ಈಗ ಬಂದಿರೋದು ಎಷ್ಟು ಹೊತ್ತಿನದು?"

ಇಂಥ ಪ್ರಶ್ನೆಯನ್ನು ಕ್ಯಾಷಿಯರಿಗೆ ಯಾರೂ ಕೇಳಿರಲಿಲ್ಲ. ಆದರೂ ಲೆಕ್ಕ ಎಂದಮೇಲೆ ಮಾಡದೆ ಬಿಡುವ ಜೀವವಲ್ಲ ಅದು. ಸಂಬಳವನ್ನು ದಿನಕ್ಕೆ, ದಿನವನ್ನು ಗಂಟೆಗೆ ಹರಿದು ಹಂಚಿ, "ಮುಕ್ಕಾಲು ಗಂಟೆ" ಎಂದರು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಎದ್ದುಬರುತ್ತಿದ್ದರು, ಇಲ್ಲವೇ ಅತ್ತು. ತೂಕದಣ್ಣ ಕಾಟಾದಲ್ಲಿ ಬೆಳೆದವನು. ಮಾಲು ಹೆಚ್ಚೋ ಕಡಿಮೆಯೋ ಎಂಬುದು ಅವನಿಗೆ ಸಂಬಂಧಿಸಿದ್ದಲ್ಲ. ಬಂದಿದೆ ಎಂದಮೇಲೆ ಇಳಿಸಿಕೊಳ್ಳಬೇಕು. ಮುಕ್ಕಾಲು ಗಂಟೆಯ ಸ್ವಾತಂತ್ರ್ಯ ಬಂದು ಬಾಗಿಲಲ್ಲಿ ನಿಂತಿದೆ. ಅದನ್ನು ಹಾಗೇ ನಿಲ್ಲಿಸುವುದುಂಟೇ? ಹೆಂಡತಿಗೆ ಹೇಳಬೇಕೇ ಎಂದು ಒಂದು ಗಳಿಗೆ ಯೋಚಿಸಿ, ಕೆಲಸ ಬಿಡುವ ದಿನ ಹೇಳಬೇಕೆಂಬುದಲ್ಲವೇ ಷರತ್ತು, ಇದು ಬರೀ ಮುಕ್ಕಾಲು ಗಂಟೆ ಎಂದು ಬಿಟ್ಟ. ಕಾಟಾದ ಯಜಮಾನರನ್ನು ಕೇಳಬೇಕೇ? ಕೇಳಿ ಪಡೆದರೆ ಅದು ರಜೆ. ಮತ್ತೆ, ಕೆಲಸವಿಲ್ಲದ ಹೊತ್ತಿನಲ್ಲಿ ಪಡೆದರೆ ಅದು ಆಕಳಿಕೆ. ಆದ್ದರಿಂದ ಅವನು ಕೊಯ್ಲಿನ ನಡುಮಧ್ಯದ ಒಂದು ಬುಧವಾರವನ್ನು, ಲಾರಿಗಳು ಒಂದರ ಬಾಲಕ್ಕೆ ಒಂದು ಮೂತಿ ಇಟ್ಟು ನಿಲ್ಲುವ ಹನ್ನೊಂದು ಗಂಟೆಯನ್ನು, ಬಹಳ ಆಲೋಚಿಸಿ ಆರಿಸಿಕೊಂಡ. ಆ ಹೊತ್ತಿನಲ್ಲಿ ಕೆಲಸದ ಬಗ್ಗೆ ಒಂದು ಮಾತನ್ನೂ ಆಡಬಾರದೆಂದು ಶಪಥವನ್ನೂ ಮಾಡಿದ. ಬಾಯಿ ಕೆಲಸ ಮಾಡುತ್ತಿದ್ದರೆ ಮೈಗೆ ಬಿಡುವು ಹೇಗಾದೀತು?

ಬುಧವಾರ ಹನ್ನೊಂದಕ್ಕೆ ತೂಕದಣ್ಣ ಯಂತ್ರವನ್ನು ಆರಿಸಿ, ಟೋಪಿಯನ್ನು ಮೊಳೆಗೆ ಸಿಕ್ಕಿಸಿ, ಕೋಣೆಗೆ ಬೀಗ ಹಾಕಿ, ರಸ್ತೆ ದಾಟಿ ಬಂದು ಕಲ್ಲುಬೆಂಚಿನ ಮೇಲೆ ಕೂತ. ಬೆಂಚು ತಣ್ಣಗಿತ್ತು. ಮರದ ಎಲೆಗಳ ಸಂದಿನಿಂದ ಬಿಸಿಲು ಮೊಣಕಾಲ ಮೇಲೆ ಬಿಲ್ಲೆ ಬಿಲ್ಲೆಯಾಗಿ ಬೀಳುತ್ತಿತ್ತು. ಚಪ್ಪಲಿ ಕಳಚಿ ಕಾಲನ್ನು ಮಣ್ಣಿನ ಮೇಲಿಟ್ಟ. ಇಪ್ಪತ್ತು ವರ್ಷ ತನ್ನನ್ನು ಹೊತ್ತ ಗಾಜಿನ ಕೋಣೆ ಇಲ್ಲಿಂದ ನೋಡಿದರೆ ಉಪ್ಪಿನಕಾಯಿಯ ಭರಣಿಯಷ್ಟಿದೆ ಎಂದುಕೊಂಡ. ಸಾಬೂನಿನ ಕಂಪನಿ ನೂರು ಕಾಲ ಬಾಳಲಿ ಎಂದು ಮನಸ್ಸು ತುಂಬಿ ಹರಸಿದ.

ಕಾಟಾದ ಮೇಲೆ ಬಂದು ನಿಂತಿದ್ದ ಆಲೂಗಡ್ಡೆ ಲಾರಿಯ ಡ್ರೈವರ್ ಹಾರ್ನ್ ಹೊಡೆದ. ಮತ್ತೆ ಹೊಡೆದ. ಆಮೇಲೆ ಇಳಿದು ಅತ್ತಿತ್ತ ನೋಡಿ, ರಸ್ತೆ ದಾಟಿ ಬಂದ.

"ತೂಕದಣ್ಣ! ಇಲ್ಲೇನ್ ಮಾಡ್ತಿದ್ದೀಯ?"

"ಕೂತಿದ್ದೀನಿ."

"ಅದು ಕಾಣತ್ತೆ. ತೂಕ ಹಾಕಲ್ವಾ?"

"ಆ ವಿಷ್ಯ ನನ್ನ ಹತ್ರ ಮಾತಾಡ್ಬೇಡ. ನನಗೂ ಅದಕ್ಕೂ ಈಗ ಸಂಬಂಧ ಇಲ್ಲ."

ಡ್ರೈವರ್ ತಲೆಗೆ ಸುತ್ತಿದ್ದ ಟವೆಲನ್ನು ನಿಧಾನವಾಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಯಾವಾಗಿಂದ?"

"ಹನ್ನೊಂದರಿಂದ."

"ಇಪ್ಪತ್ತು ವರ್ಷ ದುಡಿದೋನು ನೀನು..."

"ಅದಕ್ಕೇ ಇದು ಸಿಕ್ಕಿದ್ದು," ಎಂದು ತೂಕದಣ್ಣ ಮುಗುಳ್ನಕ್ಕ.

ಆ ನಗೆಯನ್ನು ನೋಡಲಾರದೆ ಡ್ರೈವರ್ ಮುಖ ತಿರುಗಿಸಿದ. ಲಾರಿಗೆ ಹೋಗಿ, ಒಂದು ಸಣ್ಣ ಚೀಲ ಆಲೂಗಡ್ಡೆ ತಂದು ಬೆಂಚಿನ ಕಾಲಿಗೆ ಆನಿಸಿಟ್ಟ. "ಇಟ್ಕೋ. ಬೇಡ ಅನ್ಬೇಡ." ಅಲ್ಲಿಂದ ನೇರ ಚಹಾದಂಗಡಿಗೆ ಹೋಗಿ ಸುದ್ದಿ ಮುಟ್ಟಿಸಿದ: ತೂಕದಣ್ಣನನ್ನು ಕೆಲಸದಿಂದ ತೆಗೆದುಹಾಕಿದ್ದಾರೆ.

ಪಾಲುದಾರನಿಗೆ ಜನ ಕೊಡುವ ಮರ್ಯಾದೆಯೇ ಬೇರೆ ಎಂದುಕೊಂಡು ತೂಕದಣ್ಣ ಆಲೂಗಡ್ಡೆಯ ಚೀಲವನ್ನು ಎತ್ತಿ ಅಂದಾಜಿನಲ್ಲೇ ತೂಗುತ್ತಿದ್ದಾಗ ಚಹಾದಕ್ಕ ಬಂದಳು. ಕೈಯಲ್ಲಿ ಕೆನೆ ಕಟ್ಟಿದ ಚಹಾ, ತಟ್ಟೆಯಲ್ಲಿ ಎರಡು ಬನ್ನು. ಅವನು ಜೇಬಿಗೆ ಕೈ ಹಾಕಿದ.

"ತೆಗೀಬೇಡ," ಎಂದಳು ಅವಳು. "ಕೈ ಬಿಗಿ ಹಿಡ್ಕೊಂಡಿರು ಇನ್ಮೇಲೆ."

"ನಿಮಗೂ ಗೊತ್ತಾಯ್ತಾ ಅಕ್ಕ?"

"ಊರಿಗೆಲ್ಲ ಗೊತ್ತಾಗಿದೆ. ಎದೆ ಧಸಕ್ಕಂತು ನೋಡು."

"ನನಗೂ ಮೊದಲು ಹಾಗೇ ಆಯ್ತು. ಕೂತ ಮೇಲೆ ಹಾಯಾಯ್ತು. ಇಂಥದ್ದು ಎಲ್ಲರಿಗೂ ಆಗಬೇಕು ಅಕ್ಕ. ನಿಮಗೂ ಆಗಲಿ, ನಿಮ್ಮ ಮಕ್ಕಳಿಗೂ ಆಗಲಿ!"

"ಬಿಡ್ತು ಅನ್ನು!" ಎಂದು ಚಹಾದಕ್ಕ ಹೌಹಾರಿದಳು. ಆಮೇಲೆ, ದುಃಖದಲ್ಲಿರುವವನ ಬಾಯಿಗೆ ಲಗಾಮಿರುವುದಿಲ್ಲವೆಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು, "ಬನ್ನು ತಿನ್ನು. ಸಂಜೆಗೂ ಎರಡು ಕಟ್ಟಿಡ್ತೀನಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

ಸುದ್ದಿಗೆ ಲಾರಿಗಳ ಹಾಗೆ ಸರದಿಯ ಕಾಟವಿಲ್ಲ. ಸ್ವಲ್ಪ ಹೊತ್ತಿಗೆಲ್ಲ ತೂಕದಣ್ಣನ ಭಾವಮೈದ ಮೊಪೆಡ್ಡಿನ ಮೇಲೆ ಬಂದಿಳಿದ. ಅವನು ಕೋಳಿಫಾರಂನಲ್ಲಿ ಮೇಸ್ತ್ರಿ. ಅಂಗಿಯ ಮೇಲೆ ಒಂದೆರಡು ಪುಕ್ಕ ಇನ್ನೂ ಇದ್ದವು. ಭಾವನ ಎರಡೂ ಕೈ ಹಿಡಿದುಕೊಂಡ.

"ಭಾವ, ನಾನಿದ್ದೀನಿ. ನಮ್ಮ ಫಾರಂನಲ್ಲಿ ಮೊಟ್ಟೆ ವಿಂಗಡಿಸೋ ಜಾಗ ಖಾಲಿ ಇದೆ. ಓನರ್ ಹತ್ರ ಮಾತಾಡಿದ್ದೀನಿ. ನಾಳೆಯಿಂದ ಬಂದುಬಿಡಿ."

"ಮೊಟ್ಟೆನಾ? ನನಗ್ಯಾಕೋ?"

"ತೂಕದ ಕೆಲಸವೇ ಭಾವ. ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ."

"ಈಗ ನನಗೆ ಯಾವ ಕೆಲ್ಸದ ಸುದ್ದಿಯೂ ಬೇಡ," ಎಂದು ತೂಕದಣ್ಣ ಬನ್ನನ್ನು ಚಹಾದಲ್ಲಿ ಅದ್ದಿದ. "ನೀನೂ ಕೂತ್ಕೊ. ಏನೂ ಮಾಡದೆ ಕೂರೋದು ಎಷ್ಟು ಸುಖ ಗೊತ್ತಾ?"

ಭಾವಮೈದ ಎರಡು ಹೆಜ್ಜೆ ಹಿಂದೆ ಸರಿದು, ಸುತ್ತ ಸೇರಿದ್ದ ಡ್ರೈವರುಗಳಿಗೆ, "ತಲೆಗೆ ಹತ್ತಿಬಿಟ್ಟಿದೆ. ಯಾರೂ ಎದುರು ಮಾತಾಡ್ಬೇಡಿ," ಎಂದು ಪಿಸುಗುಟ್ಟಿದ. ಅಲ್ಲಿಂದ ಯಾರೂ ಎದುರು ಮಾತಾಡಲಿಲ್ಲ. ತೂಕದಣ್ಣ ಗಾಳಿ ಚೆನ್ನಾಗಿದೆ ಎಂದರೆ ಹತ್ತು ಜನ ಹೌದು ಹೌದು ಎಂದರು. ಇವತ್ತು ಬಿಸಿಲು ಕಡಿಮೆ ಎಂದರೆ, ಕತ್ತಿನ ಬೆವರು ಒರೆಸಿಕೊಳ್ಳುತ್ತ, ತುಂಬಾ ಕಡಿಮೆ ಎಂದರು. ಇಷ್ಟು ಒಳ್ಳೆಯ ಜನರ ಭರ್ತಿ ತೂಕ, ಖಾಲಿ ತೂಕ ಬರೆಯುತ್ತ ಕೂತು, ಒಂದು ದಿನವಾದರೂ ಇವರ ಪಕ್ಕ ಕೂತಿರಲಿಲ್ಲವಲ್ಲ ಎಂದು ಅವನಿಗೆ ಅಚ್ಚರಿಯಾಯಿತು. ಮನಸ್ಸಿನಲ್ಲಿಯೇ ಸಾಬೂನಿನ ಕಂಪನಿಗೆ ಇನ್ನೊಮ್ಮೆ ಕೈ ಮುಗಿದ.

ಅಷ್ಟರಲ್ಲಿ ಗುಂಪು ದಾರಿ ಬಿಟ್ಟಿತು. ಹೆಂಡತಿ ಬಂದಿದ್ದಳು. ಕತ್ತಿನಲ್ಲಿ ಟೇಪು, ತುಟಿಯ ನಡುವೆ ಮರೆತು ಉಳಿದಿದ್ದ ಒಂದು ಗುಂಡುಪಿನ್ನು. ಅದನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು ಅವನ ಪಕ್ಕ ಕೂತಳು.

"ಮೊದಲು ನನಗೆ ಹೇಳ್ತೀನಿ ಅಂದಿದ್ರಿ."

"ಇಷ್ಟು ಚಿಕ್ಕದಕ್ಕೆ ಹೇಳೋದೇನು ಅಂತ..."

"ಇದು ಚಿಕ್ಕದಾ?" ಅವಳು ಕತ್ತಿನ ಟೇಪನ್ನು ಎಳೆದು ಸರಿಮಾಡಿಕೊಂಡಳು. "ಹೋಗ್ಲಿ ಬಿಡಿ. ಆದದ್ದಾಯ್ತು. ಶಾಲೆಯ ಮಕ್ಕಳ ಬಟ್ಟೆ ಹೊಲೀತೀರಾ ಅಂತ ಕೇಳಿದ್ರು, ಆಗಲ್ಲ ಅಂದಿದ್ದೆ. ಈಗ ಬರ್ತಾ ದಾರಿಯಲ್ಲೇ ಹೋಗಿ ಒಪ್ಕೊಂಡು ಬಂದೆ. ಗುಂಡಿ ಹಾಕೋದು ನಿಮಗೆ ಕಲಿಸ್ತೀನಿ. ನಡೆದುಹೋಗತ್ತೆ."

ತೂಕದಣ್ಣ ಬನ್ನನ್ನು ತಟ್ಟೆಗಿಟ್ಟ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿದೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. "ಏನು ನಡೆದುಹೋಗತ್ತೆ?" ಎಂದು ಬಾಯಿ ತೆರೆಯುವಷ್ಟರಲ್ಲಿ ರಸ್ತೆಯಲ್ಲಿ ಒಂದು ಜೀಪು ಕಿರುಚಿಕೊಂಡು ನಿಂತಿತು.

ಜೀಪಿನಿಂದ ಇಳಿದವರು ತೂಕ-ಅಳತೆಯ ಇನ್‌ಸ್ಪೆಕ್ಟರು. ಕಾಟಾಗಳು ಸರಿಯಾಗಿ ತೂಗುತ್ತಿವೆಯೇ ಎಂದು ಪರೀಕ್ಷೆ ಮಾಡುವ ಅಧಿಕಾರಿ. ಲಾರಿಗಳ ಸಾಲು ಅಷ್ಟು ಹೊತ್ತಿಗೆ ಊರೊಳಗೆ ನುಗ್ಗಿತ್ತು. ಅದರ ಹಿಂದೆ ಸಿಕ್ಕಿಬಿದ್ದು ಅವರ ಮುಖ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು.

"ಕಾಟಾ ಯಾಕ್ರೀ ನಿಂತಿದೆ?"

"ತೂಕದಣ್ಣನ್ನ ತೆಗೆದುಹಾಕಿದ್ದಾರೆ ಸಾರ್," ಎಂದ ಆಲೂಗಡ್ಡೆಯ ಡ್ರೈವರ್.

"ಯಾಕೆ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸಂಕಟದಲ್ಲಿರುವವನಿಗೆ ಬನ್ನು ಕೊಡಬಹುದು, ಆಲೂಗಡ್ಡೆ ಕೊಡಬಹುದು. ಯಾಕೆ ಎಂದು ಹೇಗೆ ಕೇಳುವುದು? ಆದರೆ ಕೇಳಿದವರು ಸರ್ಕಾರಿ ಅಧಿಕಾರಿ. ಅವರ ಮುಂದೆ ಗೊತ್ತಿಲ್ಲ ಎಂದರೆ ಗುಂಪಿಗೇ ಅವಮಾನ. ಹಿಂದಿನಿಂದ ಯಾರೋ ಒಬ್ಬ, "ಸುಳ್ಳು ತೂಕ ಬರೆಯಲ್ಲ ಅಂದಿರ್ಬೇಕು ಸಾರ್," ಎಂದ. ಮುಂದಿನವನು, "ಅಂದಿರ್ಬೇಕು ಅಲ್ಲ, ಅಂದ್ನಂತೆ," ಎಂದ.

ಭಾವಮೈದ ಎದೆಯುಬ್ಬಿಸಿ ಮುಂದೆ ಬಂದ. "ನಮ್ಮ ಭಾವ ತಲೆ ಹೋದ್ರೂ ಸುಳ್ಳು ಬರೆಯೋರಲ್ಲ ಸಾರ್. ನಾನು ಬರೆದುಕೊಡ್ತೀನಿ."

ಇನ್‌ಸ್ಪೆಕ್ಟರ ಕಣ್ಣು ಅರಳಿತು. ಇಂಥದೊಂದು ಪ್ರಕರಣಕ್ಕಾಗಿ ಅವರು ನೌಕರಿಗೆ ಸೇರಿದ ದಿನದಿಂದ ಕಾದಿದ್ದರೆಂದು ಕಾಣುತ್ತದೆ. ಜೀಪಿನಿಂದ ಅರಗು, ದಾರ, ಮುದ್ರೆ ಹೊರಗೆ ಬಂದವು. "ಈ ಕಾಟಾಕ್ಕೆ ಈಗಲೇ ಸೀಲು ಹಾಕ್ತೀನಿ. ಮಾಲೀಕ ಎಲ್ಲಿ?"

ಯಜಮಾನರು ಓಡಿಬರುತ್ತಿದ್ದರು. ಊರೊಳಗಿನ ಕ್ಷೌರದಂಗಡಿಯಲ್ಲಿದ್ದಾಗ ಸುದ್ದಿ ಮುಟ್ಟಿದ್ದರಿಂದ ಒಂದು ಕೆನ್ನೆ ನುಣ್ಣಗಿತ್ತು; ಇನ್ನೊಂದು ಕೆನ್ನೆಯ ತುಂಬ ನೊರೆ, ಕತ್ತಿಗೆ ಕಟ್ಟಿದ ಬಟ್ಟೆ ಬೆನ್ನ ಹಿಂದೆ ಬಾವುಟದ ಹಾಗೆ ಹಾರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ತೂಕದಣ್ಣನಿಗೆ ಒಂದು ಒಳ್ಳೆಯ ಮಾತನ್ನೂ ಆಡದ ಮುದುಕ. ಬೆಳಗ್ಗೆ ಬಂದು ಕಾಟಾದ ಹಾಸಿನ ಮೇಲೆ ಬಿದ್ದ ಒಣ ಎಲೆಯನ್ನು ತಾವೇ ಬಗ್ಗಿ ಎತ್ತಿಹಾಕಿ, 'ಎಲೆಯ ತೂಕವನ್ನೂ ಗಿರಾಕಿಯ ಲೆಕ್ಕಕ್ಕೆ ಹಾಕ್ತೀಯೇನೋ?' ಎಂದು ಬೈದು ಹೋಗುವುದೇ ಅವರ ಆಡಳಿತ.

"ಸುಳ್ಳು ತೂಕವೇ? ನನ್ನ ಕಾಟಾದಲ್ಲೇ?" ಎಂದರು. ಕೆನ್ನೆಯ ಮೇಲೆ ನೊರೆ ನಡುಗುತ್ತಿತ್ತು. ಗುಂಪಿನ ಕಡೆ ನೋಡಿದರು. ಇಷ್ಟು ವರ್ಷ ಚೀಟಿಯನ್ನು ಓದದೆ ಜೇಬಿಗಿಳಿಸಿ ಹೋಗುತ್ತಿದ್ದ ಡ್ರೈವರುಗಳು ಈಗ ಹಳೆಯ ಚೀಟಿಗಳನ್ನು ಹುಡುಕಿ ತೆಗೆದು ಕಣ್ಣಿಗೆ ಹಿಡಿದಿದ್ದರು. ಆಮೇಲೆ ಬೆಂಚಿನ ಕಡೆ ತಿರುಗಿ, "ನೀನಾದ್ರೂ ಹೇಳೋ," ಎಂದರು.

ಇನ್‌ಸ್ಪೆಕ್ಟರು ಅರಗನ್ನು ಬೆಂಕಿಗೆ ಹಿಡಿದಿದ್ದರು.

ತೂಕದಣ್ಣ ಗಡಿಯಾರ ನೋಡಿಕೊಂಡ. ಇನ್ನೂ ಆರು ನಿಮಿಷವಿತ್ತು. ಒಂದು ವರ್ಷ ಕಾದು, ದಿನಕ್ಕೆರಡು ಸ್ನಾನ ಮಾಡಿ ಗಳಿಸಿದ ಆರು ನಿಮಿಷ. ಮರದ ನೆರಳನ್ನೊಮ್ಮೆ ನೋಡಿದ. ಯಜಮಾನರ ಕೆನ್ನೆಯಿಂದ ನೊರೆಯ ಒಂದು ಮುದ್ದೆ ಜಾರಿ ಮಣ್ಣಿಗೆ ಬಿತ್ತು.

"ಹೋದ್ರೆ ಹೋಗ್ಲಿ," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡ.

ರಸ್ತೆ ದಾಟಿ, ಬೀಗ ತೆಗೆದು, ಟೋಪಿ ಹಾಕಿಕೊಂಡು, ಯಂತ್ರ ಹಚ್ಚಿದ. ಗಾಜಿನ ಕಿಂಡಿಯಿಂದ ತಲೆ ಹೊರಗೆ ಹಾಕಿ, ಎಂದಿನ ದನಿಯಲ್ಲಿ ಕೂಗಿದ: "ಆಲೂಗಡ್ಡೆ ಲಾರಿ ಹಿಂದಕ್ಕೆ ತಗೊಳಿ! ಸಾರ್, ನಿಮ್ಮ ಜೀಪಿನಲ್ಲಿರೋ ತೂಕದ ಕಲ್ಲು ಇಳಿಸಿ. ಒಂದೊಂದೇ ಇಡಿ. ಇಷ್ಟು ಜನ ಇದ್ದಾರೆ, ಎಲ್ಲರೂ ನೋಡ್ಲಿ."

ಇನ್‌ಸ್ಪೆಕ್ಟರು ಮುದ್ರೆ ಒತ್ತಿದ ಪರೀಕ್ಷೆಯ ಕಲ್ಲುಗಳನ್ನು ಒಂದೊಂದಾಗಿ ಹಾಸಿನ ಮೇಲೆ ಇಡಿಸಿದರು. ಪ್ರತಿಯೊಂದಕ್ಕೂ ಯಂತ್ರದ ಕೆಂಪು ಅಂಕಿ ಇದ್ದದ್ದನ್ನು ಇದ್ದಹಾಗೆ ತೋರಿಸಿತು. ಕಲ್ಲುಗಳನ್ನು ಈ ಮೂಲೆಯಿಂದ ಆ ಮೂಲೆಗೆ ಬದಲಾಯಿಸಿದರು. ಅಂಕಿ ಅಲ್ಲಾಡಲಿಲ್ಲ. ಎಲ್ಲವನ್ನೂ ತೆಗೆಸಿದರು. ಸೊನ್ನೆ. ಡ್ರೈವರುಗಳು ಚೀಟಿಗಳನ್ನು ಸದ್ದಿಲ್ಲದೆ ಮಡಿಚಿ ಜೇಬಿಗಿಟ್ಟರು.

"ಕಾಟಾ ಸರಿಯಾಗಿದೆ," ಎಂದು ಇನ್‌ಸ್ಪೆಕ್ಟರು ತುಸು ನಿರಾಶೆಯಿಂದಲೇ ಒಪ್ಪಿಕೊಂಡರು. "ಹಾಗಾದ್ರೆ ಈ ಮನುಷ್ಯನ್ನ ಯಾಕೆ ತೆಗೆದ್ರಿ?"

"ಯಾರನ್ನ?" ಎಂದರು ಯಜಮಾನರು.

"ಯಾರನ್ನ?" ಎಂದ ತೂಕದಣ್ಣನೂ.

"ನಿನ್ನನ್ನೇ," ಎಂದರು ಎಲ್ಲರೂ ಒಟ್ಟಿಗೆ.

"ಇವನನ್ನ ನಾನು ತೆಗೀತೀನಾ?" ಯಜಮಾನರು ಗಂಟಲು ಹರಿಯುವ ಹಾಗೆ ಕೂಗಿದರು. "ಕಾಟಾ ಕಿತ್ತು ಮಾರ್ತೀನಿ, ಇವನನ್ನ ತೆಗೆಯಲ್ಲ! ಯಂತ್ರ ಎಲ್ಲಿ ಬೇಕಾದ್ರೂ ಸಿಗತ್ತೆ. ಯಂತ್ರ ಹೇಳಿದ್ದನ್ನೂ ನಂಬದೆ ಇನ್ನೊಂದು ಸಲ ಲೆಕ್ಕ ಹಾಕೋ ಈ ಪ್ರಾಣಿ ನನಗೆ ಎಲ್ರೀ ಸಿಗತ್ತೆ?"

ಇಪ್ಪತ್ತು ವರ್ಷದ ಬಾಕಿಯನ್ನು ಒಂದೇ ಸಲಕ್ಕೆ ತೀರಿಸಿ, ತಾವು ಆಡಿದ್ದು ತಮಗೇ ಕೇಳಿಸಿದಂತಾಗಿ, ಯಜಮಾನರು ಕತ್ತಿನ ಬಟ್ಟೆಯಿಂದ ಮುಖದ ನೊರೆಯನ್ನು ಗಸಗಸ ಒರೆಸಿಕೊಳ್ಳತೊಡಗಿದರು. ತೂಕದಣ್ಣ ಕಿಂಡಿಯ ಅಂಚು ಹಿಡಿದು ನಿಂತಿದ್ದ. ಟೋಪಿಯನ್ನು ತೆಗೆದ, ಮತ್ತೆ ಹಾಕಿಕೊಂಡ.

"ಹಾಗಾದ್ರೆ ಅಲ್ಲಿ ಯಾಕ್ರೀ ಹೋಗಿ ಕೂತಿದ್ರಿ?" ಎಂದು ಕೇಳಿದವಳು ಹೆಂಡತಿ.

ಆಗ ತೂಕದಣ್ಣ ಹೇಳಿದ. ಸಾಬೂನು, ಷೇರು, ಗುರಿ, ಡಿವಿಡೆಂಡು, ಮುಕ್ಕಾಲು ಗಂಟೆ, ಒಂದನ್ನೂ ಬಿಡದೆ, ಭರ್ತಿಯಿಂದ ನಿವ್ವಳದವರೆಗೆ. ಆಮೇಲೆ ಹೆಂಡತಿ ಕತ್ತಿನ ಟೇಪನ್ನು ತೆಗೆದು ಕಿಂಡಿಯೊಳಗೆ ಕೈ ಹಾಕಿ ಅವನ ಭುಜಕ್ಕೆ ಎರಡೇಟು ಕೊಟ್ಟಳು. ಮೂರನೆಯದಕ್ಕೆ ಕೈ ಎತ್ತಿದವಳು ನಗು ತಡೆಯಲಾರದೆ ಕಿಂಡಿಗೇ ಹಣೆ ಆನಿಸಿಬಿಟ್ಟಳು. ಅವಳ ಹಿಂದೆ ಡ್ರೈವರುಗಳು, ಭಾವಮೈದ. ಕೊನೆಗೆ ಇನ್‌ಸ್ಪೆಕ್ಟರು ಜೀಪಿನ ಆಚೆ ಬದಿಗೆ ಹೋಗಿ, ಇಲಾಖೆಯ ಘನತೆಗೆ ಕುಂದು ಬಾರದ ಹಾಗೆ ನಕ್ಕು ಬಂದರು.

ನಗದವರು ಇಬ್ಬರೇ. ಒಬ್ಬ ತೂಕದಣ್ಣ. ಅವನು ಬ್ಯಾಂಕಿನಿಂದ ಬಿಡಿಸಿ ತಂದಿದ್ದ ಡಿವಿಡೆಂಡಿನ ಹಣವನ್ನು ಜೇಬಿನಿಂದ ತೆಗೆದು ಯಜಮಾನರ ಮುಂದೆ ಚಾಚಿದ.

"ನಿಮ್ಮ ಹೊತ್ತಿನಲ್ಲಿ ಕೂತೆ. ಪುಕ್ಕಟೆಯಾಗಿ ಕೂರೋ ಉದ್ದೇಶ ಇರಲಿಲ್ಲ ಯಜಮಾನ್ರೇ. ಇದು ಆ ಮುಕ್ಕಾಲು ಗಂಟೆಯ ಸಂಬಳ."

ಇನ್ನೊಬ್ಬರು ಯಜಮಾನರು. ಅವರು ಬೇಡ ಎನ್ನಲಿಲ್ಲ. ಹಣ ತೆಗೆದುಕೊಂಡು, ಎಣಿಸಿ, ಹುಬ್ಬು ಗಂಟಿಕ್ಕಿದರು. "ಮುಕ್ಕಾಲು ಗಂಟೆ ಎಲ್ಲಿ ಕೂತೆ? ನಾನು ಬಂದ ಮೇಲೆ ಎದ್ದೆಯಲ್ಲೋ?"

"ಆರು ನಿಮಿಷ ಮುಂಚೆ."

"ಮತ್ತೆ? ನನಗೆ ಯಾರ ಆರು ನಿಮಿಷವೂ ಬೇಡ. ಆ ಕ್ಯಾಷಿಯರ್ ಎಲ್ಲಿದ್ದಾರೆ?"

ಅಪರಾಧದಲ್ಲಿ ತಮ್ಮ ಪಾಲೂ ಇದೆಯೆಂದು ಗುಂಪಿನ ಹಿಂದೆ ಅಡಗಿದ್ದ ಕ್ಯಾಷಿಯರನ್ನು ನಾಲ್ಕು ಜನ ಮುಂದಕ್ಕೆ ತಳ್ಳಿದರು. ಅವರು ಕ್ಯಾಲ್ಕುಲೇಟರ್ ಒತ್ತಿ ಆರು ನಿಮಿಷದ ಬೆಲೆ ಹೇಳಿದರು. ಯಜಮಾನರು ಅಷ್ಟು ಚಿಲ್ಲರೆಯನ್ನು ತೂಕದಣ್ಣನ ಅಂಗೈಗೆ ಎಣಿಸಿ ಹಾಕಿ, ಉಳಿದದ್ದನ್ನು ಜೇಬಿಗಿಳಿಸಿದರು. "ಮುಂದಿನ ವರ್ಷ ಇಂಥದ್ದೇನಾದ್ರೂ ಬಂದ್ರೆ ನನಗೆ ಹೇಳು. ಆ ಹೊತ್ತಿಗೆ ನಾನು ಬಂದು ಕೂರ್ತೀನಿ ಈ ಕುರ್ಚಿಯಲ್ಲಿ," ಎಂದು, ಅರ್ಧ ಕ್ಷೌರಕ್ಕೆ ಹಿಂದಿರುಗಿದರು.

ಲಾರಿಗಳ ಸಾಲು ಕರಗುವ ಹೊತ್ತಿಗೆ ಮಧ್ಯಾಹ್ನ ದಾಟಿತು. ಆಲೂಗಡ್ಡೆಯನ್ನು ಹಿಂದಕ್ಕೆ ಕೊಡಲು ಹೋದರೆ ಡ್ರೈವರ್ ಕೈ ಮುಂದೆ ಮಾಡಲಿಲ್ಲ. "ಕೆಲ್ಸ ಹೋಯ್ತು ಅಂತ ಕೊಟ್ಟೆ. ಈಗ ಉಳೀತು ಅಂತ ಇಟ್ಕೋ." ಭಾವಮೈದ, ಮೊಟ್ಟೆಯ ಜಾಗವನ್ನು ಇನ್ನೊಂದು ವಾರ ಹಾಗೇ ಹಿಡಿದಿಡುತ್ತೇನೆ, ಯಾವುದಕ್ಕೂ ಇರಲಿ ಎಂದು ಹೇಳಿ ಹೋದ. ಶಾಲೆಯ ಬಟ್ಟೆಯನ್ನು ಒಪ್ಪಿಕೊಂಡದ್ದಾಗಿತ್ತು. ಗುಂಡಿ ಹಾಕುವ ಪಾಠ ತೂಕದಣ್ಣನಿಗೆ ತಪ್ಪುವ ಹಾಗಿರಲಿಲ್ಲ.

ಅಂಗೈಯಲ್ಲಿ ಬೆವರುತ್ತಿದ್ದ ಚಿಲ್ಲರೆ ಹಿಡಿದುಕೊಂಡು ತೂಕದಣ್ಣ ಹೆಂಡತಿಯ ಜೊತೆ ಚಹಾದಂಗಡಿಗೆ ಬಂದ. ಚಹಾದಕ್ಕ ಬನ್ನಿಗೂ ಚಹಾಕ್ಕೂ ಕಾಸು ಮುಟ್ಟಲಿಲ್ಲ. "ನನ್ನ ಮಕ್ಕಳಿಗೂ ಆಗಲಿ ಅಂದ್ಯಲ್ಲ, ಆಗಲಪ್ಪ. ಮುಕ್ಕಾಲು ಗಂಟೆಯಾದ್ರೂ ಆಗಲಿ," ಎಂದಳು.

"ಹಾಗಾದ್ರೆ ಇದಕ್ಕೆ ಎಷ್ಟು ಬರತ್ತೋ ಅಷ್ಟು ನಮ್ಮ ಕಂಪನಿಯ ಸಾಬೂನು ಕೊಡಿ ಅಕ್ಕ."

ಆರು ನಿಮಿಷಕ್ಕೆ ಸರಿಯಾಗಿ ಒಂದು ಸಣ್ಣ ಬಿಲ್ಲೆ ಬಂತು. ವರ್ಷವಿಡೀ ಬಿಸ್ಕತ್ತಿನ ಹಿಂದೆ ಕೂತಿದ್ದ ಪೆಟ್ಟಿಗೆಯಿಂದ ಹೊರಬಂದ ಮೊದಲ ಬಿಲ್ಲೆ ಅದು. ತೂಕದಣ್ಣ ಅದರ ಕಾಗದ ಬಿಡಿಸಿ ನಲ್ಲಿಯ ಪಕ್ಕದ ಕಲ್ಲಿನ ಮೇಲಿಟ್ಟ. "ಎಲ್ಲರಿಗೂ ಇರಲಿ. ಇವತ್ತು ನನ್ನಿಂದ ಎಲ್ಲರ ಕೈಯೂ ಕೊಳೆಯಾಯ್ತು," ಎಂದ.

ಆಲೂಗಡ್ಡೆಯ ಡ್ರೈವರ್ ಮೊದಲು ಹೋಗಿ ಕೈ ತೊಳೆದ. ಬಿಲ್ಲೆಯನ್ನು ತಿರುಗಿಸಿ ನೋಡಿ, "ತೂಕದಣ್ಣ, ಇದೇನು, ಕಣ್ಣೆದುರಿಗೇ ಕರಗ್ತಾ ಇದೆ?" ಎಂದ.

"ಕರಗಲಿ ಬಿಡು," ಎಂದಳು ಹೆಂಡತಿ, ಗಂಡ ಬಾಯಿ ತೆರೆಯುವ ಮೊದಲೇ. "ಅದು ಕರಗಿದಷ್ಟೂ ಇವರಿಗೆ ಮುಂದಿನ ವರ್ಷ ಕೂರೋಕೆ ಸಿಗತ್ತೆ."

ಡ್ರೈವರ್ ಒಂದು ಗಳಿಗೆ ನಿಂತ. ಆಮೇಲೆ ತೋಳು ಮಡಿಚಿ ಮೊಣಕೈವರೆಗೂ ಹಚ್ಚಿಕೊಂಡ. ಅವನ ಹಿಂದಿನವನು ಮುಖಕ್ಕೂ ಹಚ್ಚಿಕೊಂಡ. ಬಿಲ್ಲೆ ಮುಗಿಯಿತು, ಮೂರನೆಯವನು ಕಾಸು ಕೊಟ್ಟು ಇನ್ನೊಂದು ತಂದ. ಸಂಜೆಯ ಹೊತ್ತಿಗೆ ಚಹಾದಕ್ಕನ ಪೆಟ್ಟಿಗೆ ಬರಿದಾಗಿತ್ತು, ಬಿಸ್ಕತ್ತಿನ ಡಬ್ಬಿಗಳು ಒಂದು ವರ್ಷದ ಮೇಲೆ ಗೋಡೆಗೆ ಒರಗಿದ್ದವು. ಎಂದೂ ಸ್ನಾನದ ಸುದ್ದಿಗೆ ಹೋಗದ ಡ್ರೈವರುಗಳು ನಲ್ಲಿಯ ಸುತ್ತ ಸೇರಿ, "ತೂಕದಣ್ಣನಿಗೆ ಒಂದು ನಿಮಿಷ! ನನ್ನದು ಎರಡು ನಿಮಿಷ!" ಎಂದು ಕೂಗುತ್ತ ಕತ್ತು, ಕಿವಿ, ಕಾಲು ತಿಕ್ಕಿಕೊಳ್ಳುತ್ತಿದ್ದರು. ನೊರೆ ನಲ್ಲಿಯ ಕಟ್ಟೆ ದಾಟಿ, ಬೆಂಚಿನ ಕಾಲನ್ನು ಬಳಸಿ, ರಸ್ತೆಯವರೆಗೆ ಹರಿದು ಬಂತು.

ತೂಕದಣ್ಣ ಗಾಜಿನ ಕೋಣೆಯಲ್ಲಿ ಕೂತು ಅದನ್ನು ನೋಡುತ್ತಿದ್ದ. ಕಣ್ಣು ಒರೆಸಿಕೊಂಡ. ಅಷ್ಟು ದೂರದಿಂದ ಸಾಬೂನಿನ ನೊರೆ ಹಾರಿಬಂದು ಕಣ್ಣು ಉರಿಸುವಂತಿರಲಿಲ್ಲ. ಕಾಟಾದ ಮೇಲೆ ಒಂದು ಲಾರಿ ಬಂದು ನಿಂತಿತು. ಯಂತ್ರ ಹೇಳಿದ ಅಂಕಿಯನ್ನು ತುಟಿಯಲ್ಲೇ ಇನ್ನೊಮ್ಮೆ ಕೂಡಿಸಿ, ಕಳೆದು, ಸರಿಯಿದೆ ಎಂದು ಚೀಟಿ ಹರಿದುಕೊಡುತ್ತ ಅವನು ಡ್ರೈವರನ್ನು ಕೇಳಿದ:

"ಕೈ ತೊಳೆದ್ಯಾ?"